ಗೆಳೆಯನಿಗೊಂದು ಪತ್ರ: ಅವಳು ದಪ್ಪ ಆಗ್ತಿದಾಳೆ ಅಂದ್ಯಲ್ಲ, ಅದಕ್ಕೆ

ಗೆಳೆಯಾ,

ನಿನ್ನೆ ಫೋನಲ್ಲಿ ಹೆಂಡ್ತಿ ಬಗ್ಗೆ "ತಿನ್ನೋದೇನೂ ಜಾಸ್ತಿ ಇಲ್ಲ, ಆದ್ರೂ ದಪ್ಪ ಆಗ್ತಾನೇ ಇದಾಳೆ, ನೀನಾದ್ರೂ ಸ್ವಲ್ಪ ಬುದ್ಧಿ ಹೇಳು" ಅಂದ್ಯಲ್ಲ, ನನಗೆ ಮಾತೇ ಹೊರಡ್ಲಿಲ್ಲ ಕಣೋ. ರಾತ್ರಿಯೆಲ್ಲ ಅದೇ ತಲೇಲಿ. ಅದಕ್ಕೇ ಬರೀತಿದೀನಿ, ಎಲ್ಲರೂ ಓದೋ ಹಾಗೇ ಹಾಕ್ತೀನಿ, ಬೇರೆ ಗಂಡಂದಿರಿಗೂ ಗೊತ್ತಾಗ್ಲಿ.

ನನಗೂ ಹೀಗೇ ಆಯ್ತು, 48ಕ್ಕೆ, ಮುಟ್ಟು ನಿಲ್ಲೋ ಹಂತ (ಮೆನೋಪಾಸ್) ಶುರುವಾದಾಗ. ಮುಟ್ಟು ಒಂದು ತಿಂಗಳು ಬಂದ್ರೆ ಎರಡು ತಿಂಗಳು ಇಲ್ಲ, ಒಂದಿನ ಹೋದ ವರ್ಷದ ಪ್ಯಾಂಟ್ ತೆಗೆದ್ರೆ ಬಟನ್ ಕೂಡ್ತಾನೇ ಇಲ್ಲ, ಮಂಚದ ಮೇಲೆ ಅಂಗಾತ ಮಲಗಿ ಉಸಿರು ಬಿಗಿಹಿಡಿದು ಹಾಕಿದೆ, ಎದ್ದು ನಿಂತ ಕೂಡ್ಲೇ ಕಿತ್ತು ಬಂತು. ಅತ್ಬಿಟ್ಟೆ. ತೂಕದ ಮಷಿನ್ ಮೇಲೆ ನಿಂತು ನೋಡಿದ್ರೆ ಏರಿದ್ದು ಬರೀ ಎರಡು ಕೇಜಿ!

ಡಾಕ್ಟರ್ ಹೇಳಿದ್ಮೇಲೆ ಅರ್ಥ ಆಯ್ತು. ಈ ಹಂತದಲ್ಲಿ ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿದಾಗ ಅಲ್ಲಿವರೆಗೂ ತೊಡೆಗೆ, ಸೊಂಟದ ಕೆಳಗೆ ಸೇರ್ತಿದ್ದ ಕೊಬ್ಬು ಹೊಟ್ಟೆ ಕಡೆ ಸೇರಕ್ಕೆ ಶುರುವಾಗುತ್ತೆ, ಚರ್ಮದ ಅಡಿಗಷ್ಟೇ ಅಲ್ಲ, ಒಳಗೆ ಕರುಳು ಲಿವರ್ ಸುತ್ತ, ಶುಗರ್ರು ಹಾರ್ಟ್ ತೊಂದ್ರೆಗೆ ದಾರಿ ಮಾಡೋದು ಅದೇ. ಅದೇ ಹೊತ್ತಿಗೆ ಸ್ನಾಯು ಬೇರೆ ಕರಗ್ತಿರುತ್ತೆ, ಹಾಗಾಗಿ ಮಷಿನ್‌ಗಿಂತ ಮೊದ್ಲು ಬಟ್ಟೇಲಿ ಗೊತ್ತಾಗುತ್ತೆ. ಸ್ನಾಯು ಕಮ್ಮಿ ಆದ್ರೆ ಮೈಗೆ ಬೇಕಾಗೋ ಕ್ಯಾಲೊರಿನೂ ಕಮ್ಮಿ, ಮೊದಲಿನಷ್ಟೇ ಊಟ ಈಗ ಜಾಸ್ತಿ ಆಗುತ್ತೆ. ಒಟ್ಟು ತೂಕ ಏರೋದ್ರಲ್ಲಿ ವಯಸ್ಸಿನ ಪಾಲು ದೊಡ್ಡದೇ, ನಿಜ. ಆದ್ರೆ ಅಮೆರಿಕದಲ್ಲಿ ಸ್ವಾನ್ ಅಂತ ಒಂದು ಅಧ್ಯಯನ 1990ರ ದಶಕದಿಂದ ಸಾವಿರಾರು ಹೆಂಗಸರನ್ನ ವರ್ಷಗಟ್ಟಲೆ ನೋಡ್ತಾ ಬಂದಿದೆ, ಅದರಲ್ಲಿ ಈ ಹಂತ ಶುರುವಾದ್ಮೇಲೆ ಕೊಬ್ಬು ಸೇರೋ ವೇಗ ಸುಮಾರು ಎರಡರಷ್ಟಾಗಿದ್ದು ಕಂಡಿದೆ, ಕೊನೆ ಮುಟ್ಟಾಗಿ ಎರಡು ವರ್ಷದ ತನಕ. ಇದ್ರಲ್ಲಿ ಅವಳ ಸೋಮಾರಿತನ ಎಲ್ಲಿ ಬಂತು ಹೇಳು?

ಇನ್ನು ನಿದ್ದೆ, ಅದೂ ಈ ಹಂತದಲ್ಲಿ ಕೆಡುತ್ತೆ. ರಾತ್ರಿ ಮೂರು ಗಂಟೆಗೆ ಕತ್ತಿನ ಹಿಂದೆಲ್ಲ ಬೆವರು, ದಿಂಬು ಒದ್ದೆ, ತಿರುಗಿಸಿ ಹಾಕ್ಕೊಂಡು ಮತ್ತೆ ಮಲಗೋದು, ನಿದ್ದೆ ಬರಲ್ಲ. ನಿದ್ದೆ ಕೆಟ್ರೆ ಮಾರನೇ ದಿನ ಹಸಿವೂ ಜಾಸ್ತಿ, ನಡೆಯೋ ಮನಸ್ಸೂ ಇರಲ್ಲ. ನೀನು ಪಕ್ಕದಲ್ಲೇ ಮಲಗಿರ್ತೀಯ, ಒಂದ್ಸಲ ಎದ್ದು ನೋಡಿದೀಯಾ?

ನಾನು ಮಾಡಿದ ತಪ್ಪು ಅವಳು ಮಾಡೋದು ಬೇಡ. ನಾಲ್ಕು ತಿಂಗಳು ರಾತ್ರಿ ಊಟ ಬಿಟ್ಟೆ, ತೂಕ ಇಳೀತು, ಆದ್ರೆ ಮೆಟ್ಟಿಲು ಹತ್ತಿದ್ರೆ ತೊಡೆ ನಡುಗ್ತಿತ್ತು, ಯಾಕಂದ್ರೆ ಕೊಬ್ಬಿನ ಜೊತೆ ಸ್ನಾಯೂ ಹೋಗಿತ್ತು. ಮೂಳೆ ಹೇಗೂ ಸವೆಯೋ ವಯಸ್ಸು ಇದು. ಈಗ ವಾರಕ್ಕೆರಡು ಸಲ ಡಂಬೆಲ್ ಎತ್ತುತೀನಿ, ದಿನಾ ಜೋರಾಗಿ ನಡೀತೀನಿ, ಪ್ರತಿ ಊಟದಲ್ಲೂ ಪ್ರೋಟೀನ್ ಇರೋ ಹಾಗೆ ನೋಡ್ಕೋತೀನಿ, ಮಷಿನ್ ಬದಲು ಟೇಪ್ ಹಿಡಿದು ಸೊಂಟ ಅಳೀತೀನಿ. ಪ್ಯಾಂಟ್ ಇನ್ನೂ ಹಿಡಿಸಲ್ಲ, ಆದ್ರೆ ಕುರ್ಚಿಯಿಂದ ಕೈ ಊರದೆ ಏಳ್ತೀನಿ.

ಅವಳನ್ನ ಒಂದ್ಸಲ ಡಾಕ್ಟರಿಗೆ ತೋರ್ಸು, ಥೈರಾಯ್ಡ್, ಶುಗರ್ ಚೆಕ್ ಮಾಡಿಸು. ಹಾರ್ಮೋನ್ ಮಾತ್ರೆ ತೂಕ ಇಳಿಸೋ ಔಷಧಿ ಅಲ್ಲ, ಆದ್ರೆ ಬೆವರು ತುಂಬಾ ಕಾಡ್ತಿದ್ರೆ ಅವಳಿಗೆ ಹೊಂದುತ್ತಾ ಅಂತ ಕೇಳಿ. ಮುಟ್ಟು ನಿಂತು ವರ್ಷ ಆದ್ಮೇಲೆ ಒಂದು ಹನಿ ಬ್ಲೀಡಿಂಗ್ ಕಂಡ್ರೂ ಮಾತ್ರ ತಡ ಮಾಡ್ಬೇಡಿ.

ಶನಿವಾರ ಸಂಜೆ ಫೋನ್ ಮಾಡ್ತೀನಿ. ಅವಳ ಕೈಗೆ ಕೊಟ್ಟು ನೀನು ಸ್ವಲ್ಪ ಹೊತ್ತು ಆಚೆ ಹೋಗಿರು.

ನಿನ್ನ ಗೆಳತಿ