ಸೋತ ಬೋರುಗಳ ಲೆಕ್ಕ

ಬಂಗಾರಪೇಟೆ ತಾಲೂಕು,
ಕೋಲಾರ ಜಿಲ್ಲೆ

ಚಿ. ಕು. ಚೈತ್ರಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಹಬ್ಬಕ್ಕೆಂದು ಬಂದವಳು ಎರಡನೆಯ ದಿನವೇ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಬಿಟ್ಟೆ. ನಾನು ತೋಟದಿಂದ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ನಡೆದದ್ದನ್ನೆಲ್ಲ ನಿನ್ನ ಅಮ್ಮ ಹೇಳಿದಳು. ಅಜ್ಜಿ ಮಾರಮ್ಮನಿಗೆ ದೀಪ ಹಚ್ಚುತ್ತಿದ್ದಾಗ, "ಅದು ಬರೀ ಕಲ್ಲು ಅಜ್ಜಿ, ತೊಂಬತ್ತು ವರ್ಷವಾದರೂ ನಿನಗೆ ಇಷ್ಟು ತಿಳಿಯಲಿಲ್ಲವೇ?" ಎಂದು ಕೇಳಿದೆಯಂತೆ. ಆ ರಾತ್ರಿ ಅವ್ವ ಮುದ್ದೆ ಮುಟ್ಟಲಿಲ್ಲ. ಅದೇ ಸಂಜೆ ಬೋರಿನ ವಿಷಯಕ್ಕೆ ನಿನ್ನ ಅಪ್ಪನೊಂದಿಗೂ ಜಗಳವಾಯಿತು. ಆಮೇಲೆ ನಾನು ಫೋನ್ ಮಾಡಿದಾಗ, "ದೊಡ್ಡಪ್ಪ, ನೀವೂ ದೇವರನ್ನು ನಂಬುವುದಿಲ್ಲ. ನೀವಾದರೂ ನನ್ನ ಪರ ನಿಲ್ಲಬೇಕಿತ್ತು" ಎಂದೆ.

ನಿನ್ನ ಪರವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನಾನು ದೇವರನ್ನು ನಂಬುವುದಿಲ್ಲ, ಅದನ್ನು ಈ ಊರಿನಲ್ಲಿ ಯಾರಿಂದಲೂ ಮುಚ್ಚಿಟ್ಟಿಲ್ಲ. ಮೇಲೆ ಬರೆದ ಆಶೀರ್ವಾದ ಎಂಬ ಮಾತಿಗೂ ನಿನಗೆ ಒಳ್ಳೆಯದಾಗಲಿ ಎಂಬ ನನ್ನ ಆಸೆಯನ್ನು ಬಿಟ್ಟರೆ ಬೇರೆ ಬಲವಿಲ್ಲ. ಆದರೆ ನನ್ನ ಅಪನಂಬಿಕೆ ಎಲ್ಲಿ ಹುಟ್ಟಿತೆಂದು ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ. ಅದು ಹುಟ್ಟಿದ್ದು ಅಜ್ಜಿ ದೀಪ ಹಚ್ಚುವ ಆ ಮೂಲೆಯಲ್ಲೇ.

ನನ್ನ ಮುಖದ ಮೇಲಿನ ಕುಳಿಗಳನ್ನು ನೀನು ಚಿಕ್ಕವಳಿದ್ದಾಗ ಬೆರಳಿಟ್ಟು ಎಣಿಸುತ್ತಿದ್ದೆ. ಅವು ಸಿಡುಬಿನ ಕಲೆಗಳು. ನನಗೆ ಒಂಬತ್ತು ವರ್ಷ, ನನ್ನ ತಂಗಿಗೆ ಐದು. ನಿನ್ನ ಅಪ್ಪ ಇನ್ನೂ ಹುಟ್ಟಿರಲಿಲ್ಲ. ನನಗೊಬ್ಬಳು ತಂಗಿ ಇದ್ದಳು ಎಂಬುದೇ ನಿನಗೆ ತಿಳಿದಿರಲಾರದು, ಈ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವವರು ಊರಿಗೆ ಬಂದ ದಿನ ಅಪ್ಪ ನಮ್ಮಿಬ್ಬರನ್ನೂ ಹುಲ್ಲಿನ ಕೋಣೆಯಲ್ಲಿ ಬಚ್ಚಿಟ್ಟರು. ಸೂಜಿ ಚುಚ್ಚಿಸಿಕೊಂಡರೆ ಸಿಡುಬಿನ ದೇವಿ ಮಾರಮ್ಮ ಮುನಿಯುತ್ತಾಳೆ ಎಂಬುದು ಅಂದಿನ ಭಯ. ಕೆಲವು ತಿಂಗಳಿಗೆ ಇಬ್ಬರಿಗೂ ಅಮ್ಮ, ಅಂದರೆ ಸಿಡುಬು, ಎದ್ದಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮಾರಮ್ಮನಿಗೆ ತಂಬಿಟ್ಟಿನ ಆರತಿ ಹರಕೆ ಹೊತ್ತರು. ಒಂದೇ ಕೋಣೆ, ಒಂದೇ ಚಾಪೆ, ಒಂದೇ ಹರಕೆ. ನಾನು ಉಳಿದೆ, ಅವಳು ಹೋದಳು.

ಆಮೇಲೆ ಮನೆಯಲ್ಲಿ ಲೆಕ್ಕ ಬರೆದ ರೀತಿಯನ್ನು ನೋಡು. ನಾನು ಉಳಿದದ್ದು ಮಾರಮ್ಮನ ಕೃಪೆಯಿಂದ ಎಂದು ಬರೆದುಕೊಂಡರು. ತಂಗಿ ಹೋದದ್ದನ್ನು ಅವ್ವ ತನ್ನ ತಪ್ಪಿನ ಖಾತೆಗೆ ಹಾಕಿಕೊಂಡಳು: ಹರಕೆ ಹೊರುವುದು ಎರಡು ದಿನ ತಡವಾಯಿತಂತೆ, ಮಡಿಯಲ್ಲಿ ಲೋಪವಾಯಿತಂತೆ. ಅರವತ್ತು ವರ್ಷ ದಾಟಿದೆ. ಮಂಗಳವಾರದ ಆ ದೀಪ ಅಂದಿನಿಂದ ಒಂದು ವಾರವೂ ತಪ್ಪಿಲ್ಲ. ಅದು ವರ ಬೇಡುವ ದೀಪವಲ್ಲ ಮಗಳೇ. ಐದು ವರ್ಷದ ಹುಡುಗಿಯ ಮುಂದೆ ತಾಯಿಯೊಬ್ಬಳು ಕೇಳುತ್ತಿರುವ ಕ್ಷಮೆ ಅದು. ನೀನು ಕಲ್ಲು ಎಂದದ್ದು ಅದನ್ನು.

ನಾನು ಮಾರಮ್ಮನನ್ನು ನಂಬದಿರಲು ಕಾರಣವೂ ಇದೇ. ಗೆದ್ದಾಗ ದೇವರಿಗೆ ಜಮೆ, ಸೋತಾಗ ಮನುಷ್ಯನಿಗೆ ಖರ್ಚು ಎಂದು ಬರೆಯುವ ಲೆಕ್ಕದಲ್ಲಿ ಎಂದಿಗೂ ತಪ್ಪು ಸಿಕ್ಕುವುದಿಲ್ಲ. ತಪ್ಪು ಸಿಕ್ಕಲು ಸಾಧ್ಯವೇ ಇಲ್ಲದ ಲೆಕ್ಕ ನನಗೆ ಏನನ್ನೂ ಹೇಳಿಕೊಡಲಾರದು. ಅದಕ್ಕಿಂತ ಹೆಚ್ಚಾಗಿ, ಏನೂ ತಪ್ಪು ಮಾಡದ ಹೆಣ್ಣೊಬ್ಬಳ ಮೇಲೆ ಅದು ಅರವತ್ತು ವರ್ಷ ಭಾರ ಹೇರಿತು. ಇದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

1980ರಲ್ಲಿ, ಜಗತ್ತಿನಿಂದ ಸಿಡುಬು ಸಂಪೂರ್ಣವಾಗಿ ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದಾಗ ನಾನು ಕೆ.ಜಿ.ಎಫ್. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ರೇಡಿಯೋದಲ್ಲಿ ಸುದ್ದಿ ಕೇಳಿ ಹೊರಗೆ ಹೋಗಿ ಒಬ್ಬನೇ ಅತ್ತೆ. ಇಪ್ಪತ್ತನೆಯ ಶತಮಾನವೊಂದರಲ್ಲೇ ಅಂದಾಜು 30 ಕೋಟಿ ಜನರನ್ನು ಕೊಂದ ರೋಗ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ, ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ. ಇದನ್ನು ಸಾಧಿಸಿದವರು ಮನೆಮನೆಗೂ ಹೋಗಿ, ಸಿಡುಬು ಎದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ತೋರಿಸಿ, "ಇಂಥ ರೋಗಿಯನ್ನು ಕಂಡಿದ್ದೀರಾ?" ಎಂದು ಕೇಳಿದ ಕಾರ್ಯಕರ್ತರು. ಒಬ್ಬ ರೋಗಿ ಸಿಕ್ಕರೆ ಅವನ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ಬೇಲಿ ಕಟ್ಟುತ್ತಿದ್ದರು. ಒಂದು ಪ್ರಕರಣ ತಪ್ಪಿದರೂ ಮೊದಲಿನಿಂದ ಶುರು. ಅವರಲ್ಲಿ ನಂಬುವವರೂ ಇದ್ದಿರಬೇಕು, ನಂಬದವರೂ ಇದ್ದಿರಬೇಕು. ಈ ಕೆಲಸವನ್ನು ಜಗತ್ತಿನ ಮುಂದೆ ಮೊದಲು ಇಟ್ಟದ್ದು 1958ರಲ್ಲಿ ಸೋವಿಯತ್ ಒಕ್ಕೂಟ. ಆಗ ಅದೂ ಅಮೆರಿಕವೂ ಒಂದರ ಮೇಲೊಂದು ಅಣುಬಾಂಬ್ ಗುರಿಯಿಟ್ಟು ಕುಳಿತಿದ್ದವು. ಆದರೂ ಈ ಕೆಲಸಕ್ಕೆ ಎರಡೂ ಕೈ ಜೋಡಿಸಿದವು. ಮನುಕುಲಕ್ಕೆ ಮುಂದೆ ದಾರಿಯಿದೆಯೇ ಎಂದು ನೀನು ಆಗಾಗ ಬೇಸರದಿಂದ ಕೇಳುತ್ತೀಯಲ್ಲ, ಆಗೆಲ್ಲ ನನಗೆ ಆ ಕಾರ್ಡು ನೆನಪಾಗುತ್ತದೆ.

ಇನ್ನು ಗಣಿಯ ಮಾತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸಾಕ್ಷ್ಯ ಎಂದರೇನೆಂದು ನಾನು ಕಲಿತದ್ದು ಅಲ್ಲಿ, ನೆಲದಡಿಯಲ್ಲಿ.

ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಿಜ್ಞಾನಿಗಳು ಪ್ರಯೋಗ ನಡೆಸುತ್ತಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಅವರೊಂದಿಗೆ ಜಪಾನಿನವರು. ಆಕಾಶದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣಗಳನ್ನು ಮೇಲಿನ ಬಂಡೆ ಬಹುಮಟ್ಟಿಗೆ ತಡೆದುಬಿಡುತ್ತದೆ, ಹಾಗಾಗಿ ಅತಿ ಅಪರೂಪದ ಘಟನೆಗಳನ್ನು ಅಲ್ಲಿ ಗುರುತಿಸಬಹುದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳ ಗುರುತನ್ನು ಜಗತ್ತಿನಲ್ಲಿ ಮೊದಲು ಹಿಡಿದ ಜಾಗಗಳಲ್ಲಿ ನಮ್ಮ ಗಣಿಯೂ ಒಂದು, 1965ರಲ್ಲಿ. ಅದು ನನ್ನ ಕಾಲಕ್ಕೆ ಮುಂಚಿನ ಮಾತು. ನಾನು ಕೇಬಲ್ ಎಳೆದು ಕೊಟ್ಟದ್ದು 1980ರ ದಶಕದ ಪ್ರೋಟಾನ್ ಪ್ರಯೋಗಕ್ಕೆ. ಪರಮಾಣುವಿನೊಳಗಿನ ಪ್ರೋಟಾನ್ ಶಾಶ್ವತವೋ ಅಥವಾ ಎಂದಾದರೊಮ್ಮೆ ಒಡೆಯುತ್ತದೆಯೋ ಎಂಬುದು ಪ್ರಶ್ನೆ. ಒಡೆಯಲೇಬೇಕು ಎಂದು ಆಗಿನ ಒಂದು ಸಿದ್ಧಾಂತ ಹೇಳುತ್ತಿತ್ತು. ಸುಮಾರು 140 ಟನ್ ಕಬ್ಬಿಣದ ಫಲಕಗಳನ್ನು ಒಂದರ ಮೇಲೊಂದು ಜೋಡಿಸಿ, ನಡುನಡುವೆ ಅಳೆಯುವ ಕೊಳವೆಗಳನ್ನು ಇಟ್ಟು ಕಾದರು. ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿಯುತ್ತ ಹೋದಂತೆ ಬಂಡೆಯೇ ಬಿಸಿಯುಗುಳುವ ಜಾಗ ಅದು.

ಕೆಲವು ಗುರುತುಗಳು ಸಿಕ್ಕವು. ಪ್ರೋಟಾನ್ ಒಡೆದದ್ದೇ ಇರಬಹುದು ಎಂದು ಪ್ರಕಟಿಸಿದರು. ಆ ದಿನಗಳಲ್ಲಿ ಗಣಿಯವರಾದ ನಾವೂ ಎದೆಯುಬ್ಬಿಸಿ ನಡೆದೆವು. ಆದರೆ ಅಮೆರಿಕದಲ್ಲಿಯೂ ಜಪಾನಿನ ಕಮಿಯೋಕಾದಲ್ಲಿಯೂ ಇನ್ನೂ ದೊಡ್ಡ ನೀರಿನ ತೊಟ್ಟಿಗಳನ್ನು ನೆಲದಡಿ ಕಟ್ಟಿ ನೋಡಿದಾಗ ಅಂಥದ್ದು ಕಾಣಲಿಲ್ಲ. ಇಂದಿಗೂ ಯಾರೂ ಕಂಡಿಲ್ಲ. ಅಷ್ಟು ವರ್ಷದ ಬೆವರಿಗೆ ಬಂದ ಉತ್ತರ, "ಖಚಿತವಿಲ್ಲ." ಆ ಉತ್ತರವನ್ನು ಯಾರೂ ಮುಚ್ಚಿಡಲಿಲ್ಲ. ಪರೀಕ್ಷೆ ಮಾಡಿದವರ ಮೇಲೆ ಯಾವ ದೋಷವೂ ಬರಲಿಲ್ಲ. ಕಮಿಯೋಕಾದ ತೊಟ್ಟಿ 1987ರಲ್ಲಿ, ಸಿಡಿದ ನಕ್ಷತ್ರವೊಂದರಿಂದ ಬಂದ ನ್ಯೂಟ್ರಿನೋಗಳನ್ನು ಹಿಡಿಯಿತು. ಹುಡುಕಿದ್ದೊಂದು, ದೊರೆತದ್ದು ಮತ್ತೊಂದು.

ಪ್ರಾಣವನ್ನೇ ಕೊಟ್ಟು ಹುಡುಕಿದ್ದು ಸಿಗದಿದ್ದಾಗ ಸಿಗಲಿಲ್ಲ ಎಂದು ಬರೆಯುವ ಆ ಧೈರ್ಯವೇ ನನಗೆ ಪೂಜ್ಯ. ಆದ್ದರಿಂದ ನಿನ್ನನ್ನು ಒಂದು ಕೇಳುತ್ತೇನೆ. ದೇವರಿಲ್ಲ ಎಂದು ಇಷ್ಟು ಖಚಿತವಾಗಿ ಹೇಳುವವಳು, ಯಾವ ಸಾಕ್ಷ್ಯ ಸಿಕ್ಕರೆ ಮಾತು ಬದಲಿಸುತ್ತೇನೆ ಎಂದೂ ಹೇಳಬಲ್ಲೆಯಾ? ನಾನು ಹೇಳಬಲ್ಲೆ. ಹರಕೆ ಹೊತ್ತ ಮನೆಯ ಮಕ್ಕಳು ಹೊರದ ಮನೆಯ ಮಕ್ಕಳಿಗಿಂತ ಹೆಚ್ಚಾಗಿ ಬದುಕುಳಿದರೆಂದು, ಎಲ್ಲ ಮನೆಗಳನ್ನೂ ಎಣಿಸಿ ಯಾರಾದರೂ ತೋರಿಸಲಿ, ನಾನು ಮರುದಿನವೇ ದೀಪ ಹಚ್ಚುತ್ತೇನೆ. ಈ ಬಾಗಿಲನ್ನು ನೀನೂ ತೆರೆದಿಡಬೇಕು. ಹಾಸ್ಟೆಲಿನ ಗೆಳತಿಯರ ನಡುವೆ ಒಪ್ಪಿಗೆಯಾಗುತ್ತದೆ ಎಂದು ನಾಸ್ತಿಕಳಾಗಿದ್ದರೆ, ಊರಿನವರು ಒಪ್ಪುತ್ತಾರೆ ಎಂದು ಆಸ್ತಿಕರಾದವರಿಗಿಂತ ನೀನು ಹೆಚ್ಚು ದೂರ ಬಂದಿಲ್ಲ.

ಆಗಿನ ಕೋಲಾರ ಜಿಲ್ಲೆಯೇ ಆಗಿದ್ದ ಗೌರಿಬಿದನೂರಿನ ಸೀಮೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಬಗ್ಗೆ ಓದು. ಭೌತವಿಜ್ಞಾನದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಗಾಳಿಯಿಂದ ಉಂಗುರ ತೆಗೆಯುವವರು ತೋಳಿನಲ್ಲಿ ಬಚ್ಚಿಡಲಾಗದ ಕುಂಬಳಕಾಯಿಯನ್ನು ತೆಗೆದು ತೋರಿಸಲಿ ಎಂದವರು. ಅದೇ ಮನುಷ್ಯ ಹುಡುಗನಾಗಿದ್ದಾಗ ರಾಮನಾಮ ಜಪಿಸುವ ಗಾಂಧಿಯ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವರು, ಕೊನೆಯವರೆಗೂ ಖಾದಿಯನ್ನೇ ಉಟ್ಟವರು. ಅವರು ಪರೀಕ್ಷೆಗೆ ಕರೆದದ್ದು ಬಲವುಳ್ಳವರನ್ನು. ಮೂಲೆಯಲ್ಲಿ ದೀಪ ಹಚ್ಚುವ ಅಜ್ಜಿಯರನ್ನಲ್ಲ. ಅದೇ 1976ರ ತಿದ್ದುಪಡಿಯಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ, ಒಂದೇ ಸಾಲಿನಲ್ಲಿ, ಮಾನವತೆಯನ್ನೂ ಬರೆದಿದ್ದಾರೆ. ನೀನು ಅಂದು ಆ ಸಾಲನ್ನು ಅರ್ಧಕ್ಕೇ ನಿಲ್ಲಿಸಿದೆ.

ಇನ್ನು ನಿನ್ನ ಅಪ್ಪನ ಬೋರು. ನೀರು ಹುಡುಕುವವನ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಲ್ಲಿ ಪಾಯಿಂಟ್ ಹಾಕಿಸಿ, ಬಡ್ಡಿಗೆ ಸಾಲ ತಂದು ಮೂರನೆಯ ಬೋರು ಕೊರೆಸಲು ಹೊರಟಿದ್ದಾನೆ. ನಿನ್ನ ಸಿಟ್ಟು ಸರಿ. ಕಾಯಿ ಹಿಡಿದವನು ಮೋಸಗಾರನಾಗಿರಲೇಬೇಕಿಲ್ಲ ಎಂಬುದನ್ನೂ ತಿಳಿದುಕೋ. ಮನಸ್ಸು ನಿರೀಕ್ಷಿಸಿದ ಕಡೆಗೆ ಕೈಯ ಸ್ನಾಯುಗಳು ನಮಗೆ ಅರಿವಿಲ್ಲದೆಯೇ ಅಲುಗುತ್ತವೆ. ಆದರೂ ಊರೆಲ್ಲ ಏಕೆ ನಂಬುತ್ತದೆ? ನೀರು ಬಿದ್ದ ಬೋರಿನ ಕಥೆಯನ್ನು ಹತ್ತು ಊರುಗಳಲ್ಲಿ ಹೇಳುತ್ತಾರೆ. ಸೋತ ಬೋರಿನ ಬಾಯಿಗೆ ಚಪ್ಪಡಿ ಎಳೆದು ಸುಮ್ಮನಾಗುತ್ತಾರೆ. ಸಾಲ ಮಾಡಿದವನು ಸೋಲನ್ನು ಆಡಿಕೊಳ್ಳಲು ನಾಚುತ್ತಾನೆ. ಅವ್ವ ತಂಗಿಯ ಹೆಸರೆತ್ತದ ಹಾಗೆಯೇ.

ಚಪ್ಪಡಿಯ ಕೆಳಗಿರುವ ಆ ಲೆಕ್ಕವನ್ನು ಹೊರಗೆ ತಾ. ನಮ್ಮ ಊರಿನ ಪ್ರತಿಯೊಂದು ಬೋರನ್ನೂ ಬರೆ: ಯಾವ ವರ್ಷ ಕೊರೆದದ್ದು, ಎಷ್ಟು ಅಡಿ, ಪಾಯಿಂಟ್ ಯಾರು ಹಾಕಿದ್ದು, ಎಷ್ಟು ಇಂಚು ನೀರು ಬಿತ್ತು, ಎಷ್ಟು ವರ್ಷ ಉಳಿಯಿತು, ಫ್ಲೋರೈಡ್ ಎಷ್ಟು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು ಎಂಬುದು ನೀನೇ ನನಗೆ ಹೇಳಿಕೊಟ್ಟ ಪಾಠ. ನಮ್ಮ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನೋಡಿದರೆ ಯಾವ ನೀರು ಕುಡಿಯುತ್ತಿದ್ದೇವೆಂದು ತಿಳಿಯುತ್ತದೆ. ಕೆ.ಸಿ. ವ್ಯಾಲಿಯಿಂದ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನೂ ಪರೀಕ್ಷಿಸು. ಒಬ್ಬರು ಅದನ್ನು ಅಮೃತ ಎನ್ನುತ್ತಾರೆ, ಇನ್ನೊಬ್ಬರು ವಿಷ ಎನ್ನುತ್ತಾರೆ, ಹೆಚ್ಚಿನವರು ತಮ್ಮ ಪಕ್ಷ ಯಾವುದೆಂದು ನೋಡಿಕೊಂಡು ಮಾತನಾಡುತ್ತಾರೆ. ಅಂತರ್ಜಲ ಏರಿದೆಯೇ? ನೀರಿನಲ್ಲಿ ಏನೇನಿದೆ? ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆ. ನಿನಗೆ ಇಷ್ಟವಾಗದ ಉತ್ತರ ಬಂದರೂ ಬರೆ.

ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ನೀನು ರೈಲಿನಿಂದ ನೋಡಿದ್ದೀಯೆ. ನೂರಿಪ್ಪತ್ತು ವರ್ಷ ಚಿನ್ನ ತೆಗೆದು 2001ರಲ್ಲಿ ಗಣಿ ಮುಚ್ಚಿದೆವು. ಚಿನ್ನ ಹೋಯಿತು, ಅರೆದ ಕಲ್ಲಿನ ಪುಡಿಯ ಗುಡ್ಡಗಳು ಉಳಿದವು, ಗಾಳಿ ಬೀಸಿದರೆ ಇಂದಿಗೂ ಆ ದೂಳು ಮನೆಗಳೊಳಗೆ ಬರುತ್ತದೆ. ಆ ಪುಡಿ ಮೇಲೆ ಬರಲು ವಿದ್ಯುತ್ ತಂತಿ ಎಳೆದವರಲ್ಲಿ ನಾನೂ ಒಬ್ಬ. ಶಿಫ್ಟಿಗೆ ಇಳಿಯುವ ಮುನ್ನ ನಮ್ಮಲ್ಲಿ ಹೆಚ್ಚಿನವರು ಕೈಮುಗಿಯುತ್ತಿದ್ದರು, ನಾನು ಮುಗಿಯುತ್ತಿರಲಿಲ್ಲ. ಗುಡ್ಡದ ವಿಷಯದಲ್ಲಿ ನಾವೆಲ್ಲರೂ ಒಂದೇ: ಮುಂದಿನವರ ಬಗ್ಗೆ ಯಾರೂ ಯೋಚಿಸಲಿಲ್ಲ. ಕಾಪಾಡಲು ಮೇಲೊಬ್ಬನಿದ್ದಾನೆ ಎಂದು ನಂಬುವವರು ಹಾಗೆ ಕೈಬಿಟ್ಟರೆ ಅದಕ್ಕೊಂದು ನೆಪವಾದರೂ ಇದೆ. ನನಗೆ, ನಿನಗೆ ಆ ನೆಪವೂ ಇಲ್ಲ. ಬಿಸಿಲು ಹೆಚ್ಚುತ್ತಿದೆ, ಮಳೆಯ ಲೆಕ್ಕ ತಪ್ಪುತ್ತಿದೆ, ಬೋರು ಸಾವಿರದೈನೂರು ಅಡಿ ದಾಟುತ್ತಿದೆ. ನಮ್ಮ ನಂತರ ಈ ಊರಿನಲ್ಲಿ ಹುಟ್ಟುವವರಿಗೆ ನಮ್ಮನ್ನು ಬಿಟ್ಟರೆ ಬೇರೆ ಗತಿಯಿಲ್ಲ ಎಂದು ನಾನು ನಿಜವಾಗಿ ನಂಬುತ್ತೇನೆ. ನಾನು ಇಟ್ಟುಕೊಂಡಿರುವ ನಂಬಿಕೆ ಇದೊಂದೇ.

ಈ ಶನಿವಾರವೇ ಬಾ. ಮೊದಲು ಅಜ್ಜಿಯ ಹತ್ತಿರ ಕುಳಿತುಕೋ. ಕ್ಷಮೆಯ ಮಾತು ಬಾಯಿಗೆ ಬಾರದಿದ್ದರೆ ನನ್ನ ತಂಗಿಯ ಹೆಸರೇನೆಂದು ಕೇಳು. ಇಷ್ಟು ವರ್ಷಗಳಲ್ಲಿ ಅಜ್ಜಿಯನ್ನು ಯಾರೂ ಅದನ್ನು ಕೇಳಿಲ್ಲ. ದಾಕು ಹಾಕಿಸದಿದ್ದುದರಿಂದ ರೋಗ ಬಂತು, ಹರಕೆ ತಡವಾದ್ದರಿಂದ ಅಲ್ಲ ಎಂದು ನಾನು ಒಮ್ಮೆ ಹೇಳಲು ಹೋಗಿ, ಅದು ಬಚ್ಚಿಟ್ಟ ಅಪ್ಪನ ಮೇಲೆ ಹೊರೆ ಹಾಕಿದಂತಾಗುತ್ತದೆ ಎಂದು ಅರ್ಧದಲ್ಲೇ ನಿಲ್ಲಿಸಿದೆ. ಹೇಗೆ ಹೇಳಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ನಿನಗೆ ದಾರಿ ತೋಚಿದರೆ ನೋಡು, ಆದರೆ ಅವಸರ ಮಾಡಬೇಡ.

ಕಾಲೇಜಿನಿಂದ ನೀರಿನ ಮಾದರಿ ತುಂಬುವ ಪ್ಲಾಸ್ಟಿಕ್ ಬಾಟಲಿಗಳನ್ನು ತಾ, ಇಪ್ಪತ್ತಾದರೂ ಬೇಕು. ಬೋರ್ಡಿನ ದಪ್ಪ ನೋಟ್‌ಬುಕ್ಕನ್ನು ನಾನು ಬಂಗಾರಪೇಟೆಯಲ್ಲಿ ಕೊಂಡಿಟ್ಟಿದ್ದೇನೆ. ರಿಗ್ ಲಾರಿಯವನಿಗೆ ಮುಂಗಡ ಕೊಡುವುದನ್ನು ಹದಿನೈದು ದಿನ ಮುಂದೂಡಲು ನಿನ್ನ ಅಪ್ಪ ಒಪ್ಪಿದ್ದಾನೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಮ್ಮ ಮನೆಯ ಎರಡು ಸೋತ ಬೋರುಗಳನ್ನು ಅವನೇ ಬರೆದುಕೊಟ್ಟಿದ್ದಾನೆ, ಸಾಲದ ಮೊತ್ತವನ್ನೂ ಸೇರಿಸಿ.

ಇಂತಿ ನಿನ್ನ
ದೊಡ್ಡಪ್ಪ