ಪಾಯದ ಗುಂಡಿ ಮುಚ್ಚುವ ಮೊದಲು ಒಂದು ಗಂಟೆ ಕೊಡಿ

ಮಾನ್ಯ ಸಂಪಾದಕರೇ,

ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯಿಂದ ಲಾಲ್‌ಬಾಗಿಗೆ ಧಕ್ಕೆಯಾದೀತೇ ಎಂಬ ವಾಗ್ವಾದ ಶುರುವಾದಾಗಿನಿಂದ ಲಾಲ್‌ಬಾಗ್ ಬಂಡೆಯ ವಯಸ್ಸು ಎಲ್ಲರ ಬಾಯಲ್ಲೂ ಇದೆ. ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ನೆಟ್ಟಿದೆ. ಈ ಸುದ್ದಿ ಓದಿ ಕಲ್ಲು ನೋಡುವ ಹವ್ಯಾಸಕ್ಕೆ ಹೊಸಬರು ಬಂದರೆ ಸಂತೋಷವೇ. ಆದರೆ ಹವ್ಯಾಸಿ ಭೂವಿಜ್ಞಾನ ಸಂಘದ ವರ್ಷದ ಕಾರ್ಯಕ್ರಮ ಎಂದರೆ ನಾಲ್ಕು ಬೆಟ್ಟ ಹತ್ತಿ ನಾಲ್ಕು ಕಲ್ಲು ಚೀಲಕ್ಕೆ ತುಂಬಿಕೊಂಡು ಬರುವುದು ಎಂಬ ಭಾವನೆ ಹೋಗಬೇಕು. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಬೆಂಗಳೂರಿನಲ್ಲಿ ಓಡಿಹೋಗುವುದು ಪಾಯದ ಗುಂಡಿ. ಲಾಲ್‌ಬಾಗಿನ, ನೈಸ್ ಎಂಬ ಪಟ್ಟೆ ಪಟ್ಟೆಯ ಶಿಲೆಯೇ ಊರಿನ ಹೆಚ್ಚಿನ ಭಾಗದ ಅಡಿಯಲ್ಲೂ ಇದೆ. ಅದು ಹೊರಗೆ ಕಾಣುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆ ತೋಡಿದ ಕೆಲವು ವಾರ ಮಾತ್ರ. ಆಮೇಲೆ ಕಾಂಕ್ರೀಟು, ಮುಂದಿನ ಐವತ್ತು ವರ್ಷ ಅಲ್ಲಿ ಏನಿತ್ತೆಂದು ಕೇಳುವವರಿಲ್ಲ.

ಅಂಥ ಗುಂಡಿಯಲ್ಲಿ ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಮೊದಲು ಹಳೆ ಮನೆಯ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತ ತುಂಬುಮಣ್ಣು. ಕೆಳಗೆ ಕೆಮ್ಮಣ್ಣು. ಅದರಡಿ ಹಳದಿಗೋ ಬಿಳಿಗೋ ತಿರುಗಿದ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಗರಸು. ಇದನ್ನೂ ಮಣ್ಣೆಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಕರಣೆಯಿಂದ ಅಂಗೈ ಅಗಲ ಕೆರೆದು ನೋಡಿದರೆ ನೈಸ್ ಬಂಡೆಯ ಕಪ್ಪು-ಬಿಳಿ ಪಟ್ಟೆಗಳು ಅಲ್ಲಿ ಇದ್ದ ಹಾಗೇ ಇರುತ್ತವೆ. ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿದೆ, ಕಪ್ಪು ಕಾಗೆಬಂಗಾರ ತುಕ್ಕುಬಣ್ಣಕ್ಕೆ ತಿರುಗಿದೆ, ಬೆಣಚುಕಲ್ಲಿನ ಕಾಳು ಮಾತ್ರ ಜಗ್ಗಿಲ್ಲ. ಅಂದರೆ ಬಂಡೆ ನಿಂತಲ್ಲೇ ಶಿಥಿಲವಾಗಿದೆ. ಬೇರೆಲ್ಲಿಂದಲೋ ಬಂದು ಬಿದ್ದ ಮಣ್ಣಲ್ಲ. ಗರಸಿನೊಳಗೆ ಅಲ್ಲಲ್ಲಿ ಇನ್ನೂ ಕೊಳೆಯದ ಉರುಟು ಗುಂಡುಗಳು, ಅವುಗಳ ಕೆಳಗೆ ಗಟ್ಟಿ ಬಂಡೆ.

ಈ ಗಟ್ಟಿ ಬಂಡೆಯ ಆಳ ಒಂದೇ ನಿವೇಶನದ ಎರಡು ಮೂಲೆಗಳಲ್ಲಿ ಬೇರೆ ಬೇರೆ ಇರಬಹುದು. ಮೆಟ್ರೊ ಸುರಂಗ ಕೊರೆದ ಯಂತ್ರಗಳು ಹೆಣಗಿದ್ದು ಇಂಥ ನೆಲದಲ್ಲೇ. ಯಂತ್ರದ ಮುಖದ ಒಂದು ಪಾಲಿಗೆ ಗಟ್ಟಿ ಕಲ್ಲು, ಇನ್ನೊಂದು ಪಾಲಿಗೆ ಗರಸು ಸಿಕ್ಕಿದರೆ ಕಲ್ಲು ಸವೆಯುವುದರೊಳಗೆ ಗರಸು ಉದುರುತ್ತ ಹೋಗುತ್ತದೆ. ಮೇಲಿನ ನೆಲ ಕುಸಿಯುವ ಭಯ, ಕಟರ್‌ಗಳಿಗೆ ಏಟು. ಮನೆಯ ಇಂಗುಬಾವಿಯ ಲೆಕ್ಕವೂ ಇದೇ. ಮೂರಡಿ ಅಗಲ, ಇಪ್ಪತ್ತಡಿ ಆಳ ಎಂದು ಎಲ್ಲರೂ ಒಂದೇ ಅಳತೆಯಲ್ಲಿ ತೋಡಿಸುತ್ತಾರೆ. ಗರಸಿನ ಪದರ ಸಿಕ್ಕವರ ಬಾವಿಯಲ್ಲಿ ನೀರು ಇಂಗುತ್ತದೆ. ಎಂಟಡಿಗೇ ಬಿರುಕಿಲ್ಲದ ಬಂಡೆ ಸಿಕ್ಕವರ ಬಾವಿಯಲ್ಲಿ ನಿಂತು ಸೊಳ್ಳೆ ಸಾಕುತ್ತದೆ. ಪಕ್ಕದ ನಿವೇಶನದಲ್ಲಿ ಬಂಡೆ ಎಷ್ಟು ಅಡಿಗೆ ಸಿಕ್ಕಿತ್ತೆಂದು ಎಲ್ಲಾದರೂ ಬರೆದಿಟ್ಟಿದ್ದರೆ ಆ ಖರ್ಚಾದರೂ ಉಳಿಯುತ್ತಿತ್ತು.

ದಾಖಲಿಸುವ ಕೆಲಸ ಕಷ್ಟವೇನಲ್ಲ, ಆದರೆ ಕೆಡಿಸುವುದು ಅದಕ್ಕಿಂತ ಸುಲಭ. ಮಾಲೀಕರು ಮತ್ತು ಸೈಟ್ ಎಂಜಿನಿಯರ್ ಇಬ್ಬರ ಒಪ್ಪಿಗೆಯೂ ಬೇಕು. ಒಬ್ಬರದು ಮಾತ್ರ ಇದ್ದರೆ ಇನ್ನೊಬ್ಬರು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ಹೆಲ್ಮೆಟ್, ಗಟ್ಟಿ ಬೂಟು ಕಡ್ಡಾಯ. ಒಂದೂವರೆ ಮೀಟರ್‌ಗಿಂತ ಆಳದ, ಆಸರೆ ಕೊಡದ ನೆಟ್ಟಗಿನ ಮಣ್ಣುಗೋಡೆಯ ಬುಡಕ್ಕೆ ಯಾರೂ ಇಳಿಯಕೂಡದು, ಎಂಥ ಅಪರೂಪದ ಕಲ್ಲು ಕಂಡರೂ ಸರಿ. ಅಂಥ ಕಡೆ ಮೇಲಿನಿಂದ, ಅಂಚಿನಿಂದ ದೂರ ನಿಂತು ಫೋಟೊ ತೆಗೆದರೆ ಸಾಕು. ಐವತ್ತು ಸೆಂಟಿಮೀಟರಿಗೊಮ್ಮೆ ಕೆಂಪು-ಬಿಳಿ ಬಳಿದ ಕೋಲೊಂದನ್ನು ಗೋಡೆಗೆ ಒರಗಿಸಿಕೊಡಲು ಸೈಟಿನವರನ್ನೇ ಕೇಳಿ. ಕೋಲಿಲ್ಲದ ಫೋಟೊ ಎಷ್ಟು ಚೆನ್ನಾಗಿ ಬಂದಿದ್ದರೂ ಅಳತೆಗೆ ಬಾರದು. ಒಂದೇ ಎತ್ತರದಿಂದ, ಒಂದು ಫೋಟೊದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಬರುವಂತೆ ತೆಗೆದರೆ ಆಮೇಲೆ ಜೋಡಿಸಬಹುದು. ನಡು ಮಧ್ಯಾಹ್ನ ಬೇಡ: ಅರ್ಧ ಗೋಡೆಗೆ ಬಿಸಿಲು, ಅರ್ಧಕ್ಕೆ ನೆರಳು ಬಿದ್ದು ಪದರದ ಗೆರೆ ಯಾವುದು, ನೆರಳಿನ ಗೆರೆ ಯಾವುದು ತಿಳಿಯುವುದಿಲ್ಲ. ಮೋಡದ ದಿನ ಉತ್ತಮ. ಮಳೆಯ ಮರುದಿನ ವ್ಯರ್ಥ, ಏಕೆಂದರೆ ಮೇಲಿನ ಕೆಮ್ಮಣ್ಣು ಇಳಿದು ಇಡೀ ಗೋಡೆಗೆ ಕೆಂಪು ಬಳಿದಿರುತ್ತದೆ. ಗೋಡೆಗೆ ಸಿಮೆಂಟ್ ಸಿಂಪಡಿಸುವ ಕೆಲಸ ಅಗೆತದ ಬೆನ್ನಿಗೇ ಬರುವುದರಿಂದ ದಿನ ಮುಂದೂಡಿದರೆ ಕೆಟ್ಟಿತೆಂದೇ ಅರ್ಥ.

ಪುಸ್ತಕದಲ್ಲಿ ಬರೆಯಬೇಕಾದ್ದು: ತಾರೀಖು, ಪ್ರತಿ ಪದರದ ಮೇಲಿನ ಮತ್ತು ಕೆಳಗಿನ ಆಳ, ನೀರು ಜಿನುಗುವ ಮಟ್ಟ, ಬಿರುಕುಗಳ ದಿಕ್ಕು. ತಾರೀಖಿಲ್ಲದೆ ನೀರಿನ ಮಟ್ಟ ಬರೆದು ಪ್ರಯೋಜನವಿಲ್ಲ. ಅದು ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಅಕ್ಷಾಂಶ-ರೇಖಾಂಶಗಳನ್ನು ದಶಮಾಂಶದ ಐದು ಸ್ಥಾನದವರೆಗೆ ಬರೆಯಿರಿ, ಅದು ಸುಮಾರು ಒಂದು ಮೀಟರಿಗೆ ಸಮ. ಎತ್ತರದ ಕಟ್ಟಡಗಳ ನಡುವೆ ಮೊಬೈಲ್ ಅಷ್ಟು ನಿಖರ ಹೇಳುವುದಿಲ್ಲವಾದ್ದರಿಂದ ರಸ್ತೆಯ ಮೂಲೆಯಿಂದ ಟೇಪಿನಲ್ಲೂ ಅಳೆದು ಸೇರಿಸಿ.

ದಿಕ್ಸೂಚಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಪಟ್ಟೆಗಳ ಸ್ಟ್ರೈಕ್ (ಓಡುವ ದಿಕ್ಕು) ಮತ್ತು ಡಿಪ್ (ಇಳಿಜಾರು) ಅಳೆಯುವಾಗ ತಪ್ಪುವುದು ಕಣ್ಣಲ್ಲ, ಉಪಕರಣ. ಪದರದ ಮೇಲ್ಮೈ ಒರಟಾಗಿದ್ದರೆ ಗಟ್ಟಿ ರಟ್ಟೊಂದನ್ನು ಅದರ ಮೇಲಿಟ್ಟು ಸಮ ಮಾಡಿಕೊಳ್ಳಿ, ರಟ್ಟಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹರಿದ ದಾರಿ ಡಿಪ್‌ನ ದಿಕ್ಕು, ಅದಕ್ಕೆ ಲಂಬವಾದ ಮಟ್ಟಗೆರೆ ಸ್ಟ್ರೈಕ್. ಮೊಬೈಲಿನ ದಿಕ್ಸೂಚಿ ಆ್ಯಪ್ ಬಳಸುವವರು ಅಯಸ್ಕಾಂತವಿರುವ ಕವರನ್ನು ಮೊದಲು ಕಳಚಬೇಕು. ಕಂಬಿಯ ರಾಶಿ, ಜೆಸಿಬಿ, ನಿಲ್ಲಿಸಿದ ಕಾರು ಇವುಗಳಿಂದ ಕೆಲವು ಮೀಟರ್ ದೂರ ಸರಿದು ಐದು ಸಲ ಅಳೆದು ನಡುವಿನ ಅಂಕಿ ತೆಗೆದುಕೊಳ್ಳಿ. ಈ ಭಾಗದ ನೈಸ್ ಪಟ್ಟೆಗಳು ಒಟ್ಟಾರೆ ಉತ್ತರ-ದಕ್ಷಿಣಕ್ಕೆ ಹತ್ತಿರ ಓಡುತ್ತವೆ. ಪುಸ್ತಕದ ತುಂಬ ಪೂರ್ವ-ಪಶ್ಚಿಮ ಬಂದಿದ್ದರೆ ಹೊಸ ಸಿದ್ಧಾಂತ ಕಟ್ಟುವ ಮುಂಚೆ ಜೇಬಿನಲ್ಲಿ ಏನಿದೆ ನೋಡಿಕೊಳ್ಳಿ.

ಗುಂಡಿಯಲ್ಲಿ ನೈಸ್‌ನ ಪಟ್ಟೆಗಳನ್ನೆಲ್ಲ ಅಡ್ಡಡ್ಡ ಸೀಳಿಕೊಂಡು ಹೋದ ಕಪ್ಪು ಪಟ್ಟಿ ಕಂಡರೆ ಅದು ಬಹುಶಃ ಡೊಲೆರೈಟ್ ಡೈಕ್. ಬಿರುಕಿಗೆ ನುಗ್ಗಿ ತಣಿದ ಶಿಲಾರಸ. ಹೊಸದಾಗಿ ಒಡೆದ ಕಲ್ಲನ್ನು ಮಸೂರದಲ್ಲಿ ನೋಡಿದರೆ ಅಂಚಿನಲ್ಲಿ ಹರಳು ಕಾಣದಷ್ಟು ಸಣ್ಣ, ನಡುಭಾಗದಲ್ಲಿ ದೊಡ್ಡದು, ಅಂಚು ಬೇಗ ತಣಿದದ್ದರಿಂದ. ಶಿಥಿಲವಾದಾಗ ಇದು ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅಡುಗೆಮನೆಯ ಕಟ್ಟೆಗೆ ಹಾಕಿಸುವ ‘ಬ್ಲ್ಯಾಕ್ ಗ್ರಾನೈಟ್’ ಬಹುಪಾಲು ಇದೇ ಜಾತಿಯದು, ಗ್ರಾನೈಟ್ ಅಲ್ಲವೇ ಅಲ್ಲ. ವ್ಯಾಪಾರಿಗೆ ಅದನ್ನು ವಿವರಿಸಲು ಹೋಗಿ ಬೆಲೆ ಇಳಿದದ್ದಂತೂ ಇಲ್ಲ.

ಬೆಟ್ಟಗಳನ್ನು ನವೆಂಬರ್‌ನಿಂದ ಫೆಬ್ರುವರಿವರೆಗೆ ಇಟ್ಟುಕೊಳ್ಳುವುದು ವಾಸಿ. ಲಾಲ್‌ಬಾಗ್ ಮತ್ತು ಬಸವನಗುಡಿಯ ಬ್ಯೂಗಲ್ ರಾಕ್ ಮೊದಲ ಪಾಠಕ್ಕೆ. ಇಲ್ಲಿ ಸುತ್ತಿಗೆ ತರಲೇಬಾರದು. ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ಮಸೂರವನ್ನು ಕಣ್ಣಿಗೆ ಅಂಟಿಸಿಕೊಂಡಂತೆ ಹಿಡಿದು, ಕಲ್ಲಿಗೆ ಎರಡೂವರೆ ಸೆಂಟಿಮೀಟರ್ ಹತ್ತಿರ ಬಾಗಬೇಕು. ತೋಳು ಚಾಚಿ ಪತ್ತೇದಾರನ ಭಂಗಿಯಲ್ಲಿ ಹಿಡಿದರೆ ಏನೂ ಕಾಣದು. ಲಾಲ್‌ಬಾಗಿನಲ್ಲಿ ಬೂದು ಪಟ್ಟೆಗಳನ್ನು ಕತ್ತರಿಸಿ ಹೋದ ತಿಳಿಬಣ್ಣದ ನಾಳಗಳಿವೆ. ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ಈ ಒಂದು ಸೂತ್ರ ಹಿಡಿದು ಅಲ್ಲಿನ ಘಟನೆಗಳನ್ನು ಸರದಿಯಲ್ಲಿ ಜೋಡಿಸಲು ಮಕ್ಕಳಿಗೂ ಬರುತ್ತದೆ.

ಸಾವನದುರ್ಗ, ರಾಮನಗರದ ಕಡೆ ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್. ಹೆಬ್ಬೆರಳಿನ ಗಾತ್ರದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಅರಣ್ಯ ಇಲಾಖೆಯ ಅನುಮತಿ ಬೇಕು, ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಬಂಡೆಯ ಕೊರಕಲಲ್ಲಿ ಹೆಜ್ಜೇನು. ಸೆಂಟು ಬಳಿದುಕೊಂಡು ಬರುವವರನ್ನು ಬಸ್ಸಿನಲ್ಲೇ ಬಿಡಬೇಕು. ನಮ್ಮನ್ನು ಕೇಳಿದರೆ ವರ್ಷಕ್ಕೆ ಒಂದೇ ದೂರದ ಪ್ರವಾಸ ಮಾಡುವುದಾದರೆ ಅದು ಸಾತನೂರಿನ ಹತ್ತಿರದ ಕಬ್ಬಾಳಕ್ಕೆ. ಬೂದುಬಣ್ಣದ ನೈಸ್ ಅಲ್ಲಿ ತೇಪೆ ತೇಪೆಯಾಗಿ ಚಾರ್ನೊಕೈಟ್ ಎಂಬ ಹಸಿರುಗಪ್ಪು ಶಿಲೆಯಾಗಿ ಬದಲಾಗುತ್ತಿರುವಾಗಲೇ ನಿಂತುಬಿಟ್ಟಿದೆ. ನೈಸ್‌ನ ಪಟ್ಟೆ ತೇಪೆಯೊಳಕ್ಕೆ ಹೋಗುತ್ತ ಮಸುಕಾಗುವುದನ್ನು ಕೈಯಿಟ್ಟು ತೋರಿಸಬಹುದು. ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಜಗತ್ತಿನ ಭೂವಿಜ್ಞಾನಿಗಳು ಅಲ್ಲಿಗೆ ಬಂದಿದ್ದಾರೆ. ಬೆಂಗಳೂರಿನವರು ಕಬ್ಬಾಳಮ್ಮನ ಗುಡಿಗೆ ಹೋಗಿ ಊಟ ಮುಗಿಸಿ ಬರುತ್ತೇವೆ.

ಮಳೆಗಾಲ ಮೇಜಿನ ಕೆಲಸಕ್ಕೆ. ಒದ್ದೆ ಬಂಡೆ ಜಾರುತ್ತದೆ. ತಂದ ಮಾದರಿಗಳಿಗೆ ಮೊದಲು ಸಂಖ್ಯೆ: ಮೂಲೆಯಲ್ಲಿ ಕಿರುಬೆರಳುಗುರಿನಷ್ಟು ಬಿಳಿ ಎನಾಮೆಲ್ ಬಳಿದು, ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದು, ಮೇಲೊಂದು ಕೈ ವಾರ್ನಿಶ್. ಅಂಟುಚೀಟಿ ತೇವಕ್ಕೆ ಉದುರುತ್ತದೆ, ಸಂಖ್ಯೆ ಕಳೆದುಕೊಂಡ ಮಾದರಿ ಜಲ್ಲಿಗೆ ಸಮ.

ತೆಳುಪಟಲ, ಅಂದರೆ ಸೂಕ್ಷ್ಮದರ್ಶಕದಲ್ಲಿ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಬಿಲ್ಲೆ, ಮಾಡುವುದು ಈ ಹವ್ಯಾಸದ ಅತ್ಯಂತ ರುಚಿಕರ ಭಾಗ, ಅತಿ ಹೆಚ್ಚು ಕೆಡುವ ಭಾಗವೂ ಹೌದು. ಗ್ರಾನೈಟ್ ಅಂಗಡಿಯಲ್ಲಿ ನೀರು ಬಿಟ್ಟು ಕೊಯ್ಯುವ ಡೈಮಂಡ್ ಬ್ಲೇಡಿನಲ್ಲಿ 25×20 ಮಿ.ಮೀ. ಬಿಲ್ಲೆ ಕೊಯ್ಸಿ. ಗಾಜಿನ ಹಲಗೆಯ ಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ ಮತ್ತು ನೀರು ಹಾಕಿ 220, 400, 600 ನಂಬರಿನ ಕ್ರಮದಲ್ಲಿ, ಒರಟಿನಿಂದ ನುಣುಪಿಗೆ, ಒಂದು ಮುಖ ಉಜ್ಜಿ. ಪುಡಿ ಬದಲಿಸುವಾಗ ಬಿಲ್ಲೆ, ಕೈ, ಉಗುರುಸಂದು ಎಲ್ಲವನ್ನೂ ತೊಳೆಯಬೇಕು. 220ರ ಒಂದೇ ಕಾಳು ಉಳಿದರೂ ಉದ್ದಕ್ಕೆ ಗೀರು. ಬೆಚ್ಚಗಿನ ತಟ್ಟೆಯಲ್ಲಿ ಪೂರ್ತಿ ಒಣಗಿಸಿ, ಉಜ್ಜಿ ಮಂಕು ಮಾಡಿದ ಗಾಜಿನ ಸ್ಲೈಡಿಗೆ ಎಪಾಕ್ಸಿಯಲ್ಲಿ ಅಂಟಿಸಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಬೇಡ, ಗುಳ್ಳೆ ಹೊರಬರಲು ಅದು ಸಮಯ ಕೊಡುವುದಿಲ್ಲ, ಕೊನೆಯ ಉಜ್ಜಿನಲ್ಲಿ ಕಲ್ಲು ಎದ್ದು ಬರುತ್ತದೆ. ನಿಧಾನದ್ದನ್ನು ಹಾಕಿ ಒಂದು ದಿನ ಬಿಡಿ. ಆಮೇಲೆ ಇನ್ನೊಂದು ಮುಖವನ್ನು ಒಂದು ಮಿ.ಮೀ.ಗೆ ಕೊಯ್ಸಿ, 0.03 ಮಿ.ಮೀ. ಆಗುವವರೆಗೆ ಉಜ್ಜುವುದು. ಈ ದಪ್ಪ ಅಳೆಯಲು ಬೆಣಚೇ ಮಾಪಕ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಸ್ಲೈಡಿನ ಕೆಳಗೊಂದು, ಮೇಲೊಂದು ಪೋಲರಾಯ್ಡ್ ಹಾಳೆಯನ್ನು ಪರಸ್ಪರ ಅಡ್ಡವಾಗಿಟ್ಟು ನೋಡಿದಾಗ ಬೆಣಚು ಹಳದಿ, ಕಿತ್ತಳೆಯಾಗಿ ಕಂಡರೆ ಇನ್ನೂ ದಪ್ಪ, ಬೂದು-ಬಿಳಿಯಾದರೆ ನಿಲ್ಲಿಸಿ. ಅಂಚಿನಲ್ಲಿ ಬೂದು, ನಡುವೆ ಹಳದಿ ಬಂದರೆ ಬೆರಳಿನ ಒತ್ತಡ ಒಂದೇ ಸಮ ಇಲ್ಲ. ಯಾವ ಹಂತದಲ್ಲೂ ಒಣ ಕಲ್ಲು ಕೊಯ್ಯಬಾರದು, ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ಕಾಯಿಲೆ. ಉಜ್ಜಿದ ಕೆಸರು ಸಿಂಕಿಗೂ ಬೇಡ. ಬಕೆಟ್ಟಿನಲ್ಲಿ ತಂಗಿಸಿ ಗಟ್ಟಿಯನ್ನು ಬೇರೆ ಎಸೆಯಿರಿ.

ಅಕ್ಟೋಬರ್ 6 ಯುನೆಸ್ಕೊ ಗೊತ್ತು ಮಾಡಿದ ಅಂತರರಾಷ್ಟ್ರೀಯ ಭೂವೈವಿಧ್ಯ ದಿನ. ಭಾಷಣಕ್ಕಿಂತ ವಿಧಾನಸೌಧದ ಮುಂದಿನ ನಡಿಗೆ ಮೇಲು. ಗೋಡೆಗೆ ಬೆಂಗಳೂರಿನ ಕಲ್ಲು, ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು ಮತ್ತು ತುರುವೇಕೆರೆಯ ಕಪ್ಪು ಕಲ್ಲು. ಹೊರಗಿನಿಂದ ನೋಡಲು ಯಾರ ಅನುಮತಿಯೂ ಬೇಡ.

ಈಗ ಕೋರಿಕೆ. ದೊಡ್ಡ ಕಟ್ಟಡ ಏಳುವ ಮೊದಲು ಮಣ್ಣು ಪರೀಕ್ಷೆಗೆಂದು ಕೊಳವೆ ಕೊರೆದು, ಅಡಿ ಅಡಿಗೂ ಏನು ಸಿಕ್ಕಿತೆಂದು ವರದಿ ಬರೆಯುತ್ತಾರೆ. ಕಟ್ಟಡ ಎದ್ದ ಮೇಲೆ ಆ ವರದಿ ಕಡತದಲ್ಲಿ ಕೂರುತ್ತದೆ. ನಕ್ಷೆ ಮಂಜೂರಾತಿಯ ಜೊತೆ ಅದರ ಒಂದು ಪ್ರತಿ ಪಡೆದು, ಮಾಲೀಕರ ಹೆಸರು ತೆಗೆದು, ಜಾಗ ಮತ್ತು ಆಳದ ವಿವರ ಮಾತ್ರ ಸಾರ್ವಜನಿಕರಿಗೆ ಸಿಗುವಂತೆ ಪಾಲಿಕೆಯವರೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯವರೂ ಇಟ್ಟರೆ ಹೊಸದಾಗಿ ಏನೂ ಕೊರೆಯಬೇಕಿಲ್ಲ. ನಿರ್ಮಾಣಗಾರರಲ್ಲಿ ಕೇಳುವುದು ಇನ್ನೂ ಚಿಕ್ಕದು. ಅಗೆತ ಮುಗಿದು ಗೋಡೆಗೆ ಸಿಮೆಂಟ್ ಬೀಳುವ ಎರಡು ದಿನ ಮೊದಲು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಹವ್ಯಾಸಿ ಬಳಗಕ್ಕೋ ತಿಳಿಸಿ, ಬೆಳಿಗ್ಗೆ ಕೆಲಸ ಶುರುವಾಗುವ ಮುಂಚಿನ ಒಂದು ಗಂಟೆ ಕೊಡಿ. ಇಬ್ಬರು ಬರುತ್ತಾರೆ, ಹೆಲ್ಮೆಟ್, ಕೋಲು, ಟೇಪು ಅವರೇ ತರುತ್ತಾರೆ.

ಇಂತಿ,
ಹವ್ಯಾಸಿ ಭೂವಿಜ್ಞಾನ ಬಳಗದ ಸದಸ್ಯರು
ಬೆಂಗಳೂರು