ತೆನೆಯ ಜೊತೆಗೆ ಗದ್ದೆಯನ್ನೂ ಕಾಯೋಣ

ಮಾನ್ಯ ಸಂಪಾದಕರೇ,

ಕರಾವಳಿಯ ಕೆಥೊಲಿಕರು ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನ್ಮದಿನವನ್ನು ಮೊಂತಿ ಹಬ್ಬವಾಗಿ ಆಚರಿಸುತ್ತಾರೆ. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸಿದ ಮೇಲೆ ಚರ್ಚಿನಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಪ್ರತಿ ಕುಟುಂಬಕ್ಕೂ ಕೊಡಲಾಗುತ್ತದೆ. ಮನೆಯ ಹಿರಿಯರು ಅದರ ಕಾಳುಗಳನ್ನು ಸುಲಿದು ಪುಡಿ ಮಾಡಿ, ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ನಂತರ ಎಲ್ಲರಿಗೂ ಹಂಚುತ್ತಾರೆ. ಸೆಪ್ಟೆಂಬರ್ 1ರಿಂದ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಜಗತ್ತಿನ ಹಲವು ಕ್ರೈಸ್ತ ಸಭೆಗಳು ಆಚರಿಸುವ, ದೇವರ ಸೃಷ್ಟಿಯಾದ ಪ್ರಕೃತಿಯ ರಕ್ಷಣೆಗಾಗಿ ಪ್ರಾರ್ಥಿಸುವ 'ಸೃಷ್ಟಿಯ ಕಾಲ'ದ ನಡುವೆಯೇ ಈ ಹಬ್ಬ ಬರುತ್ತದೆ. ಆದರೂ ಸೃಷ್ಟಿಯ ರಕ್ಷಣೆ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಚರ್ಚಿನ ಅಂಗಳದಲ್ಲಿ ಒಂದು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಮಾತ್ರ. ಇದು ನೋವಿನ ಸಂಗತಿ.

ತೆನೆ ಈಗ ಸುಲಭದಲ್ಲಿ ಸಿಗುವ ವಸ್ತುವಲ್ಲ. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದೇ ಜೂನ್ 8ಕ್ಕೆ. ಆ ವರ್ಷದ ಆಗಸ್ಟ್, ದೇಶದ ಮಟ್ಟದಲ್ಲಿ, 1901ರಿಂದೀಚೆಗೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಆಯಿತು. ಏಣೆಲು, ಅಂದರೆ ಮುಂಗಾರಿನ ಭತ್ತದ ಬೆಳೆ, ನಂಬಿರುವುದೇ ಈ ತಿಂಗಳುಗಳ ಮಳೆಯನ್ನು. ಇತ್ತ ಗದ್ದೆಗಳೂ ಉಳಿಯುತ್ತಿಲ್ಲ. ಬದುಗಳ ನಡುವೆ ನಿಂತ ನೀರು ನಿಧಾನವಾಗಿ ಇಂಗಿ ಸುತ್ತಲಿನ ಬಾವಿಗಳನ್ನು ತುಂಬುತ್ತದೆ. ಅಲ್ಲಿ ಮಣ್ಣು ತುಂಬಿ ಕಾಂಕ್ರೀಟು ಹಾಸಿದರೆ ಅದೇ ನೀರು ಜುಲೈಯಲ್ಲಿ ತಗ್ಗಿನಲ್ಲಿರುವ ಬಡವರ ಮನೆಗಳಿಗೆ ನುಗ್ಗುತ್ತದೆ, ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. ಸಭಾಭವನಕ್ಕಾಗಿ, ವಾಹನ ನಿಲುಗಡೆಗಾಗಿ ಗದ್ದೆ ತುಂಬಿಸಿ, ತೆನೆಯನ್ನು ಬೇರೆ ಊರಿನಿಂದ ತರಿಸಿ ಆಶೀರ್ವದಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಬೈಬಲಿನ ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಸಾಗುವಳಿ ಮಾಡುವುದಕ್ಕೂ ಕಾಯುವುದಕ್ಕೂ. ಯಾಜಕಕಾಂಡದ 25ನೆಯ ಅಧ್ಯಾಯವಂತೂ ಭೂಮಿ ದೇವರದ್ದು, ನಾವು ಅದರಲ್ಲಿ ಪರದೇಶಿಗಳಂತೆ ಇರುವವರು ಎನ್ನುತ್ತದೆ. ಏಳನೆಯ ವರ್ಷ ಹೊಲಕ್ಕೂ ವಿಶ್ರಾಂತಿ ಕೊಡಿ ಎಂದು ವಿಧಿಸುತ್ತದೆ. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ, ದೇವರ ಸೃಷ್ಟಿಯನ್ನು ಕಾಪಾಡುವುದು ಕ್ರೈಸ್ತ ಜೀವನದಲ್ಲಿ ಬೇಕಾದರೆ ಮಾಡುವ, ಬೇಡವಾದರೆ ಬಿಡುವ ವಿಷಯವಲ್ಲವೆಂದು ಸ್ಪಷ್ಟವಾಗಿ ಬರೆದರು. ಈ ಲೋಕ ಹೇಗೂ ಅಳಿದುಹೋಗುವಂಥದ್ದು, ಆತ್ಮದ ರಕ್ಷಣೆಯೇ ಮುಖ್ಯ ಎನ್ನುವ ವಿಶ್ವಾಸಿಗಳು ನಮ್ಮಲ್ಲಿದ್ದಾರೆ. ಇಡೀ ಸೃಷ್ಟಿ ಬಿಡುಗಡೆಗಾಗಿ ನರಳುತ್ತಿದೆ ಎಂದು ರೋಮನರಿಗೆ ಬರೆದ ಸಂತ ಪೌಲರ ಮಾತನ್ನು ಅವರು ಮತ್ತೊಮ್ಮೆ ಓದಬೇಕು.

ಕೆಲವು ಧರ್ಮಕೇಂದ್ರಗಳ (ಚರ್ಚುಗಳ ವ್ಯಾಪ್ತಿಯ ಕ್ರೈಸ್ತ ಸಮುದಾಯಗಳ) ಯುವಜನರು ಸಾಗುವಳಿಯಿಲ್ಲದೆ ಹಡಿಲು ಬಿದ್ದ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ನೆಟ್ಟಿದ್ದಾರೆ. ಅವರನ್ನು ಮನಸಾರೆ ಅಭಿನಂದಿಸುತ್ತೇನೆ. ಆದರೆ ಇದು ಯುವಜನರ ಉತ್ಸಾಹಕ್ಕೆ ಮಾತ್ರ ಬಿಟ್ಟುಬಿಡುವ ಕೆಲಸವಲ್ಲ. ಚರ್ಚಿನ ಹೆಸರಿನಲ್ಲಿರುವ ಯಾವ ಗದ್ದೆಯನ್ನೂ ಇನ್ನು ತುಂಬಿಸುವುದಿಲ್ಲ, ಹಬ್ಬದ ತೆನೆಯನ್ನು ಆದಷ್ಟು ಆಯಾ ಊರಿನಲ್ಲೇ ಬೆಳೆಯುತ್ತೇವೆ, ಚರ್ಚು ಮತ್ತು ಶಾಲೆಗಳ ಮಾಡಿನ ನೀರನ್ನು ಬಾವಿಗೆ ಹರಿಸುತ್ತೇವೆ ಎಂಬ ನಿರ್ಣಯವನ್ನು ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ಮುಂದಿನ ಬಿತ್ತನೆಗೆ ಮೊದಲೇ ಕೈಗೊಳ್ಳಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

ಇತಿ,
ಒಬ್ಬ ಕ್ರೈಸ್ತ ಓದುಗ, ದಕ್ಷಿಣ ಕನ್ನಡ